ಜರ್ಮನಿಯ ಹಳ್ಳಿ ಜಿಲ್ಲೆಯೊಂದನ್ನು ಹಾಸನದಲ್ಲಿ ಕೂತು ತಿಳಿದುಕೊಳ್ಳುವುದು ಹೇಗೆ

ನಮ್ಮ ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋದಾಗ ಬೀದಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಬರ್ಲಿನ್ನಾ ಮ್ಯೂನಿಕ್ಕಾ ಅಂತ. ಎರಡೂ ಅಲ್ಲ. ಅವಳಿರುವುದು ಡಾನೆನ್‌ಬೆರ್ಗ್ ಎಂಬ ಪುಟ್ಟ ಊರಿನಲ್ಲಿ, ಜಿಲ್ಲೆಯ ಹೆಸರು ಲ್ಯೂಖೋ-ಡಾನೆನ್‌ಬೆರ್ಗ್. ನಾನು ಈ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಕಾಫಿ ಲೋಟ ಕೆಳಗಿಟ್ಟು ಹೊರಟಿರುತ್ತಿದ್ದರು. ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. "ಅದೇನು ಊರೋ, ಯಾವ ಕಡೆಯೋ, ಏನಾದ್ರೂ ಆದ್ರೆ ಯಾರನ್ನ ಕೇಳ್ಬೇಕೋ" ಅಂತ ದಿನಾ ಕೇಳುತ್ತಿದ್ದಳು. ಸರಿ, ನೋಡೇ ಬಿಡೋಣ ಅಂತ ಕೂತೆ. ಎರಡು ಮೂರು ವಾರ ಸಂಜೆ ಹೊತ್ತು ಅದೇ ಕೆಲಸ. ಮಕ್ಕಳನ್ನು ಅಂಥ ಕಡೆ ಕಳಿಸಿದವರಿಗೆ, ತಾವೇ ಹೊರಟವರಿಗೆ ನಾನು ಹೋದ ದಾರಿ ಉಪಯೋಗಕ್ಕೆ ಬರಬಹುದು. ಲ್ಯೂಖೋ-ಡಾನೆನ್‌ಬೆರ್ಗ್ ಇಲ್ಲಿ ಉದಾಹರಣೆ ಅಷ್ಟೆ, ನಿಮ್ಮ ಜಿಲ್ಲೆ ಬೇರೆಯಾದರೂ ದಾರಿ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆ ಅಂದಕೂಡಲೇ ನಮ್ಮ ತಲೆಗೆ ಬರುವುದು ಡಿಸಿ. ಬೆಂಗಳೂರಿನಿಂದ ಬಂದ ಸಾಹೇಬರು, ಅವರ ಕೈಕೆಳಗೆ ತಹಶೀಲ್ದಾರ್, ಅವರ ಕೆಳಗೆ ಇನ್ನೊಬ್ಬರು. ಈ ಚಿತ್ರವನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲೇ ಬಿಟ್ಟು ಒಳಗೆ ಬನ್ನಿ. ನಾನು ಬಿಡಲಿಲ್ಲ, ಅದಕ್ಕೇ ಆ ಹುಡುಗಿ ಒಂದು ದಿನ ಸುಮ್ನೆ ಅಲೆದಳು. ಆ ಕಥೆ ಮುಂದೆ ಬರುತ್ತದೆ.

ಶುರು ಮಾಡಬೇಕಾದ್ದು ಕಾರಿನ ನಂಬರ್ ಪ್ಲೇಟಿನಿಂದ. ತಮಾಷೆಯಲ್ಲ. ನಮ್ಮಲ್ಲಿ ಕೆಎ-13 ಅಂದರೆ ಹಾಸನ, ಕೆಎ-46 ಅಂದರೆ ಸಕಲೇಶಪುರ, ಕೆಎ-18 ಅಂದರೆ ಚಿಕ್ಕಮಗಳೂರು. ಅದು ಆರ್‌ಟಿಒ ಆಫೀಸಿನ ಲೆಕ್ಕ. ಜರ್ಮನಿಯಲ್ಲಿ ಪ್ಲೇಟಿನ ಮೊದಲ ಅಕ್ಷರಗಳೇ ಜಿಲ್ಲೆಯನ್ನು ಹೇಳುತ್ತವೆ. ದೊಡ್ಡ ಊರಿಗೆ ಒಂದೇ ಅಕ್ಷರ, ಬರ್ಲಿನ್‌ಗೆ ಬಿ, ಮ್ಯೂನಿಕ್‌ಗೆ ಎಂ. ಚಿಕ್ಕ ಜಿಲ್ಲೆಗಳಿಗೆ ಸಾಮಾನ್ಯವಾಗಿ ಮೂರು. ಹುಡುಗಿ ಕಳಿಸಿದ ಮೊದಲ ಫೋಟೋದಲ್ಲಿ ಅವಳ ಹಿಂದೆ ನಿಂತಿದ್ದ ಕಾರಿನ ಮೇಲೆ ಡಿಎಎನ್ ಅಂತ ಇತ್ತು. ಅಂದರೆ ಡಾನೆನ್‌ಬೆರ್ಗ್. ಆದರೆ ಜಿಲ್ಲಾ ಕಚೇರಿ ಇರುವುದು ಲ್ಯೂಖೋದಲ್ಲಿ! ಇಲ್ಲೇ ನಿಲ್ಲಿ. ಪ್ಲೇಟಿನಲ್ಲಿ ಒಂದು ಊರು, ಕಚೇರಿ ಇನ್ನೊಂದು ಊರಲ್ಲಿ ಅಂದರೆ ಅಲ್ಲೇನೋ ನಡೆದಿದೆ ಅಂತ ಅರ್ಥ. ಹುಡುಕಿದಾಗ ಸಿಕ್ಕಿತು. ಮೊದಲು ಲ್ಯೂಖೋ ಬೇರೆ, ಡಾನೆನ್‌ಬೆರ್ಗ್ ಬೇರೆ. 1932ರಲ್ಲಿ ಎರಡನ್ನೂ ಸೇರಿಸಿ ಡಾನೆನ್‌ಬೆರ್ಗ್ ಜಿಲ್ಲೆ ಅಂತ ಮಾಡಿದರು. 1951ರಲ್ಲಿ ಕಚೇರಿ ಲ್ಯೂಖೋಗೆ ಹೋಯಿತು, ಜಿಲ್ಲೆಯ ಹೆಸರಿಗೆ ಲ್ಯೂಖೋ ಕೂಡ ಸೇರಿತು. ಪ್ಲೇಟಿನ ಅಕ್ಷರ ಮಾತ್ರ ಡಾನೆನ್‌ಬೆರ್ಗ್‌ನದೇ. ನಮಗೇನೂ ಹೊಸದಲ್ಲ ಬಿಡಿ. ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರು, ಕಚೇರಿ ಮಾತ್ರ ಅದಕ್ಕೆಷ್ಟೋ ವರ್ಷ ಮೊದಲೇ ಚಿಕ್ಕಮಗಳೂರು ಸೇರಿತ್ತು.

ಒಂದು ಎಚ್ಚರಿಕೆ. 2015ರಿಂದ ಮನೆ ಬದಲಿಸಿದವರು ಹಳೇ ಪ್ಲೇಟನ್ನೇ ಇಟ್ಟುಕೊಳ್ಳಬಹುದು. ಹಾಗಾಗಿ ಒಂದು ಕಾರು ನೋಡಿ ತೀರ್ಮಾನಕ್ಕೆ ಬರಬೇಡಿ, ನಾಲ್ಕು ನೋಡಿ.

ಆಮೇಲೆ ಮ್ಯಾಪ್ ತೆಗೆಯಿರಿ. ಗಡಿ ಗೆರೆ ಆಮೇಲೆ ನೋಡುವಿರಂತೆ, ಮೊದಲು ನೀರನ್ನು ಹುಡುಕಿ. ಹಾಸನ ಜಿಲ್ಲೆಯನ್ನು ಯಾರಿಗಾದರೂ ಹೇಳಿಕೊಡಬೇಕಾದರೆ ನಾನು ಹೇಮಾವತಿಯಿಂದಲೇ ಶುರು ಮಾಡುತ್ತೇನೆ, ಸಕಲೇಶಪುರ ದಾಟಿ ಗೊರೂರಿಗೆ ಬಂದು ಹೊಳೆನರಸೀಪುರದ ಕಡೆ ಹೋಗುವ ಆ ಗೆರೆಯನ್ನು ಹಿಡಿದರೆ ಅರ್ಧ ಜಿಲ್ಲೆ ಕೈಗೆ ಬಂದ ಹಾಗೆ. ಇಲ್ಲಿಯೂ ಹಾಗೇ ಒಂದು ನದಿ ಇದೆ, ಹೆಸರು ಯೇಟ್ಸೆಲ್. ದಕ್ಷಿಣದಿಂದ ಬಂದು ವುಸ್ಟ್ರೋ, ಲ್ಯೂಖೋ, ಡಾನೆನ್‌ಬೆರ್ಗ್ ದಾಟಿ ಹಿಟ್ಸಾಕರ್‌ನಲ್ಲಿ ದೊಡ್ಡ ನದಿ ಎಲ್ಬೆಗೆ ಸೇರುತ್ತದೆ. ಜಿಲ್ಲೆಯಲ್ಲಿ ಪಟ್ಟಣ ಅಂತ ಕರೆಸಿಕೊಳ್ಳುವುದು ಐದು ಊರು, ಅದರಲ್ಲಿ ನಾಲ್ಕು ಈ ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ. ಐದನೆಯದು ಶ್ನಾಕೆನ್‌ಬುರ್ಗ್, ಅದು ಎಲ್ಬೆ ದಡದಲ್ಲಿದೆ. ಅಲ್ಲಿ ಸಾವಿರ ಜನವೂ ಇಲ್ಲ, ಆದರೂ ಹೆಸರಿಗೆ ಪಟ್ಟಣ. ಅಲ್ಲಿನ ಪತ್ರಿಕೆಯ ಹೆಸರು ಕೂಡ ಎಲ್ಬೆ-ಯೇಟ್ಸೆಲ್ ಪತ್ರಿಕೆ ಅಂತಲೇ ಇದೆ. ಊರಿನ ಪೇಪರಿಗೆ ಎರಡು ನದಿಗಳ ಹೆಸರಿಟ್ಟಿದ್ದಾರೆ ಅಂದರೆ ಜನರ ತಲೆಯಲ್ಲಿ ಜಿಲ್ಲೆ ಹೇಗೆ ಕೂತಿದೆ ಅಂತ ಗೊತ್ತಾಗುತ್ತದೆ ಅಲ್ವಾ?

ನದಿ ಆದಮೇಲೆ ಎತ್ತರ ನೋಡಿ. ಪಶ್ಚಿಮಕ್ಕೆ ದ್ರಾವೇನ್ ಎಂಬ ಗುಡ್ಡಗಳ ಸಾಲು ಇದೆ. ಅದರ ತುತ್ತತುದಿ 142 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್ ಅಂತ ಹೇಳಿಕೊಂಡು ತಿರುಗುವ ನಮಗೆ ನಗು ಬರಬಹುದು, ಆದರೆ ಸುತ್ತ ಎಲ್ಲ ಚಪ್ಪಟೆ ಇರುವ ಕಡೆ 142 ಮೀಟರಿನ ಗುಡ್ಡವೂ ಗುಡ್ಡವೇ. ಮಣ್ಣು ಹಲವು ಕಡೆ ಮರಳು ಮರಳು, ಕಾಡು ಜಾಸ್ತಿ, ಹೊಲದಲ್ಲಿ ಆಲೂಗಡ್ಡೆ. ಹಾಸನದವನಿಗೆ ಇದಕ್ಕಿಂತ ಇನ್ನೇನು ಬೇಕು! "ಮಾವ, ಇಲ್ಲೂ ಎಲ್ಲಿ ನೋಡಿದರೂ ಆಲೂಗಡ್ಡೇನೇ" ಅಂತ ಹುಡುಗಿ ಹೇಳಿದ ದಿನ ಅಕ್ಕ ಸ್ವಲ್ಪ ಹಗುರಾದಳು.

ಈಗ ಗಡಿ ಗೆರೆ. ಜಿಲ್ಲೆ ಇರುವುದು ನೀಡರ್‌ಸಾಕ್ಸನ್ ರಾಜ್ಯದ ಪೂರ್ವದ ತುದಿಯಲ್ಲಿ. ಇದರ ಗಡಿಗೆ ಬೇರೆ ಮೂರು ರಾಜ್ಯಗಳು ತಾಗುತ್ತವೆ. ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್, ಬ್ರಾಂಡೆನ್‌ಬುರ್ಗ್, ಸಾಕ್ಸನ್-ಆನ್‌ಹಾಲ್ಟ್, ಮೂರೂ ಒಂದು ಕಾಲದ ಪೂರ್ವ ಜರ್ಮನಿಯವು. ಅಂದರೆ 1990ರವರೆಗೆ ಈ ಜಿಲ್ಲೆಗೆ ಮೂರು ಕಡೆ ಬೇರೆ ದೇಶ. ಬೇಲಿ, ಕಾವಲು ಎಲ್ಲ ಇತ್ತು. ಡ್ಯೋಮಿಟ್ಸ್ ಹತ್ತಿರ ಎಲ್ಬೆಗೆ ಕಟ್ಟಿದ್ದ ಸೇತುವೆಗಳು 1945ರ ಯುದ್ಧದಲ್ಲಿ ಮುರಿದುಬಿದ್ದವು. ರಸ್ತೆ ಸೇತುವೆ ಮತ್ತೆ ಆಗಿದ್ದು 1992ರಲ್ಲಿ. ರೈಲು ಸೇತುವೆ ಆಗಲೇ ಇಲ್ಲ. ಅದರ ಅರ್ಧ ತುಂಡು ಈ ದಡದಲ್ಲಿ ಹಾಗೇ ನಿಂತಿದೆ, ಉಪಗ್ರಹದ ಚಿತ್ರದಲ್ಲೇ ಕಾಣುತ್ತದೆ, ನೋಡಿ. ಜಿಲ್ಲೆಯಲ್ಲಿ ಇವತ್ತಿಗೂ ಆಟೋಬಾನ್ ಹೆದ್ದಾರಿ ಯಾಕಿಲ್ಲ, ಜನ ಯಾಕಿಷ್ಟು ಕಡಿಮೆ ಅನ್ನುವುದಕ್ಕೆ ಆ ನಲವತ್ತೈದು ವರ್ಷಗಳೂ ಒಂದು ಕಾರಣ. ಸುಮಾರು 1,220 ಚದರ ಕಿಲೋಮೀಟರ್ ಜಾಗ, ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಜನ 50 ಸಾವಿರಕ್ಕೂ ಕಡಿಮೆ. ಜರ್ಮನಿಯಲ್ಲಿ ಇಂಥ ಜಿಲ್ಲೆಗಳು 294 ಇವೆ, ಅವುಗಳಲ್ಲೇ ಅತಿ ಕಡಿಮೆ ಜನ ಇರುವುದು ಇಲ್ಲಿ. 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯ ಜನ 17 ಲಕ್ಷದ ಮೇಲೆ. ಅಕ್ಕ ಕೇಳಿದ್ದು ಇಷ್ಟೇ: "ಹಾಗಾದ್ರೆ ಸಂತೆ ಯಾರು ಮಾಡ್ತಾರೆ?"

ಊರ ಹೆಸರುಗಳನ್ನು ಗಟ್ಟಿಯಾಗಿ ಓದಿ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ನಮ್ಮ ಕಡೆ ಕೆರೆ, ಗೆರೆ, ಕೊಪ್ಪ, ಹಳ್ಳಿ, ಪುರ ಅಂತ ಹೆಸರಿನ ಬಾಲ ನೋಡಿಯೇ ಊರಿನ ಹುಟ್ಟನ್ನು ಊಹಿಸುತ್ತೇವಲ್ಲ, ಹಾಗೆ. ಲ್ಯೂಖೋ, ಗಾರ್ಟೋ, ವುಸ್ಟ್ರೋ. ಕೊನೆಯಲ್ಲಿ ಡಬ್ಲ್ಯೂ ಅಕ್ಷರ ಬರೆಯುತ್ತಾರೆ, ಆದರೆ ಹೇಳುವುದಿಲ್ಲ. ನಾನು ಮೂರು ತಿಂಗಳು ಲುಚೌ ಅಂತ ಹೇಳುತ್ತಿದ್ದೆ, ಹುಡುಗಿ ಫೋನಿನಲ್ಲಿ ನಕ್ಕೂ ನಕ್ಕೂ ಸಾಕಾದಳು. ಈ 'ಓ' ಬಾಲ, 'ಇಟ್ಸ್' ಬಾಲ ಜರ್ಮನ್ ಅಲ್ಲವೇ ಅಲ್ಲ, ಸ್ಲಾವ್ ಜನರ ನುಡಿ, ಪೋಲೆಂಡ್, ರಷ್ಯಾ ಕಡೆಯ ನುಡಿಗಳ ಬಳಗದ್ದು. ವುಸ್ಟ್ರೋ ಅಂದರೆ ಅವರ ನುಡಿಯಲ್ಲಿ ದ್ವೀಪ, ನಡುಗಡ್ಡೆ. ಜರ್ಮನರು ಇವರನ್ನು ವೆಂಡ್ ಎಂದು ಕರೆದರು, ಅದಕ್ಕೇ ಈ ಸೀಮೆಗೆ ವೆಂಡ್‌ಲಾಂಡ್ ಅನ್ನುವ ಹೆಸರು. ಜಿಲ್ಲೆಯ ಉದ್ದನೆಯ ಹೆಸರನ್ನು ಅಲ್ಲಿಯವರೇ ಮಾತಿನಲ್ಲಿ ಅಷ್ಟು ಬಳಸುವುದಿಲ್ಲ, ವೆಂಡ್‌ಲಾಂಡ್ ಅಂದುಬಿಡುತ್ತಾರೆ. ನಾವು ಮಲೆನಾಡು ಅಂದ ಹಾಗೆ.

ಇಲ್ಲಿನ ವೆಂಡರ ಆ ನುಡಿ ಈಗ ಇಲ್ಲ. ಹದಿನೆಂಟನೇ ಶತಮಾನದಲ್ಲಿ ಸತ್ತುಹೋಯಿತು. ಜ್ಯೂಟೆನ್ ಎಂಬ ಹಳ್ಳಿಯಲ್ಲಿ ಯೋಹಾನ್ ಪಾರುಮ್ ಶುಲ್ಟ್ಸೆ ಅಂತ ಒಬ್ಬ ರೈತನಿದ್ದ. ಸುಮಾರು 1725ರಲ್ಲಿ ಊರಿನ ಆಗುಹೋಗು ಬರೆದಿಡುತ್ತಾ ಆ ನುಡಿಯ ಮಾತುಗಳನ್ನೂ ಬರೆದಿಟ್ಟ. ನನಗೆ 47 ವರ್ಷ, ನಾನು ಮತ್ತು ಊರಿನ ಇನ್ನು ಮೂವರು ಹೋದಮೇಲೆ ವೆಂಡ್ ಮಾತಿನಲ್ಲಿ ನಾಯಿಗೆ ಏನು ಅನ್ನುತ್ತಾರೆ ಅಂತಲೂ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ ಎಂಬ ಅರ್ಥದ ಮಾತನ್ನು ಬರೆದಿದ್ದಾನೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಡಿಗೆ ಮನೆಯ ಅಜ್ಜಿಯ ಹತ್ತಿರ ಈ ರೈತನ ಹೆಸರು ಎತ್ತಿ ನೋಡು ಅಂತ ಹುಡುಗಿಗೆ ಹೇಳಿದೆ. ಎತ್ತಿದಳು. ಅಜ್ಜಿ ಎದ್ದು ಹೋಗಿ ಕೇಕ್ ತಂದರಂತೆ.

ಹಳ್ಳಿಯ ಆಕಾರವನ್ನೂ ಮೇಲಿನಿಂದ ನೋಡಿ. ಇಲ್ಲಿನ ಹಳ್ಳಿಗಳಿಗೆ ರುಂಡ್ಲಿಂಗ್ ಅನ್ನುತ್ತಾರೆ, ದುಂಡು ಊರು. ನಡುವೆ ಬಯಲು, ಅದರ ಸುತ್ತ ಬಳೆಯ ಹಾಗೆ ಮನೆಗಳು, ಎಲ್ಲವೂ ಮುಖ ಒಳಗೆ ಮಾಡಿ ನಿಂತಿರುತ್ತವೆ. ಬಹಳ ಕಡೆ ಊರೊಳಕ್ಕೆ ಒಂದೇ ದಾರಿ. ಒಂದೊಂದು ಮನೆಯ ಹಿಂದೆ ಜಮೀನು ಕತ್ತರಿಸಿದ ಹಲಸಿನ ಹೋಳಿನ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಹನ್ನೆರಡನೇ ಶತಮಾನದ ಹೊತ್ತಿಗೆ ಹುಟ್ಟಿದ ಮಾದರಿ ಇದು. ಸಾಟೆಮಿನ್, ಲ್ಯೂಬೆಲ್ನ್ ಅಂತ ಹುಡುಕಿ ನೋಡಿ. ದನ, ಹುಲ್ಲು, ಮನುಷ್ಯರು ಎಲ್ಲ ಒಂದೇ ದೊಡ್ಡ ಸೂರಿನ ಕೆಳಗೆ ಇರುತ್ತಿದ್ದ ಮರದ ಚೌಕಟ್ಟಿನ ಮನೆಗಳು. ನಮ್ಮ ಹಳೇ ತೊಟ್ಟಿ ಮನೆ ಕಂಡವರಿಗೆ ಥಟ್ಟನೆ ಅರ್ಥವಾಗುತ್ತದೆ.

ಇತಿಹಾಸ ಓದುವಾಗ ಹಳೆಯದರಿಂದ ಶುರು ಮಾಡಬೇಡಿ, ದಾರಿ ತಪ್ಪುತ್ತದೆ. ಇವತ್ತಿನಿಂದ ಹಿಂದಕ್ಕೆ ನಡೆಯಿರಿ. 1990, ಗಡಿ ಹೋಯಿತು. 1945, ಗಡಿ ಬಂತು. 1932, ಎರಡು ಜಿಲ್ಲೆ ಒಂದಾದವು. 1885, ಪ್ರಷ್ಯ ಎಂಬ ಆಗಿನ ದೊಡ್ಡ ಜರ್ಮನ್ ರಾಜ್ಯದವರು ಇಲ್ಲಿ ಈಗಿನ ಅರ್ಥದ ಜಿಲ್ಲೆಗಳನ್ನು ಮಾಡಿದರು. 1866, ಅದೇ ಪ್ರಷ್ಯ ಇಡೀ ಹಾನೋವರ್ ರಾಜ್ಯವನ್ನು ನುಂಗಿತು. ಅದಕ್ಕೂ ಹಿಂದೆ ಲ್ಯೂನೆಬುರ್ಗ್ ದೊರೆಗಳು. ಇಷ್ಟು ಮೆಟ್ಟಿಲು ಸಾಕು. ನಡುವೆ ಒಂದೆರಡು ಕಥೆ ಸಿಕ್ಕಿದರೆ ಬಿಡಬೇಡಿ. ಡಾನೆನ್‌ಬೆರ್ಗ್‌ನಲ್ಲಿ ಒಂದು ಗುಂಡನೆಯ ಗೋಪುರವಿದೆ, ಡೆನ್ಮಾರ್ಕಿನ ರಾಜ ಎರಡನೇ ವಾಲ್ಡೆಮಾರ್‌ನನ್ನು 1223ರಲ್ಲಿ ಸೆರೆಹಿಡಿದು ತಂದು ಈ ಊರಿನ ಕೋಟೆಯಲ್ಲಿ ಇಟ್ಟಿದ್ದರು, ಅವನ ಹೆಸರಿನಲ್ಲೇ ಗೋಪುರವನ್ನು ಕರೆಯುತ್ತಾರೆ. ಹುಡುಗಿ ಕೆಲಸಕ್ಕೆ ಹೋಗುವಾಗ ದಿನಾ ಕಾಣುತ್ತದಂತೆ.

ಆದರೆ ಒಂದು ಜಿಲ್ಲೆಯನ್ನು ನಿಜವಾಗಿ ತಿಳಿಯಬೇಕಾದರೆ ಅದು ಯಾವುದಕ್ಕೆ ಜಗಳವಾಡಿತು ಅಂತ ಕೇಳಬೇಕು. ಕುದುರೆಮುಖದ ಗಣಿ ಗಲಾಟೆ ಗೊತ್ತಿಲ್ಲದವನಿಗೆ ಚಿಕ್ಕಮಗಳೂರು ಏನು ಗೊತ್ತು? ವೆಂಡ್‌ಲಾಂಡಿನ ಜಗಳದ ಹೆಸರು ಗೋರ್ಲೇಬೆನ್. ಎಲ್ಬೆ ಹತ್ತಿರದ ಹಳ್ಳಿ, ನೆಲದಡಿ ಉಪ್ಪಿನ ಗುಡ್ಡ. 1977ರ ಫೆಬ್ರವರಿಯಲ್ಲಿ ರಾಜ್ಯದ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಖ್ಟ್, ದೇಶದ ಅಣು ತ್ಯಾಜ್ಯವನ್ನು ಇಲ್ಲಿ ಹೂಳುತ್ತೇವೆ ಅಂದರು. ಜನ ಕಡಿಮೆ, ಗಡಿ ಮೂಲೆ, ಯಾರು ಕೇಳುತ್ತಾರೆ ಅನ್ನುವ ಲೆಕ್ಕ ಇತ್ತು ಅಂತ ಊರವರು ಇವತ್ತಿಗೂ ಹೇಳುತ್ತಾರೆ. ಕೇಳಿದರು. 1979ರ ಮಾರ್ಚಿನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ರಾಜಧಾನಿ ಹಾನೋವರ್‌ಗೆ ಹೋದರು, ಊರು ಮುಟ್ಟುವ ಹೊತ್ತಿಗೆ ಲಕ್ಷದಷ್ಟು ಜನ ಸೇರಿದ್ದರು. 1980ರಲ್ಲಿ ಕಾಡಿನಲ್ಲಿ ಗುಡಿಸಲು ಕಟ್ಟಿ ಇದು ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ ಅಂತ ಘೋಷಿಸಿ 33 ದಿನ ಕೂತರು, ಆಮೇಲೆ ಪೊಲೀಸರು ಎಬ್ಬಿಸಿದರು. 1995ರಿಂದ 2011ರವರೆಗೆ ತ್ಯಾಜ್ಯದ ಡಬ್ಬಗಳ ರೈಲು ಬಂದಾಗಲೆಲ್ಲ ಹಳಿಯ ಮೇಲೆ ಜನ. ಕೊನೆಗೆ 2020ರ ಸೆಪ್ಟೆಂಬರಿನಲ್ಲಿ, ಶಾಶ್ವತವಾಗಿ ಹೂಳಲು ಈ ಜಾಗ ಆಗುವುದಿಲ್ಲ ಅಂತ ಪಟ್ಟಿಯಿಂದ ತೆಗೆದರು. ನಲವತ್ತಮೂರು ವರ್ಷ! ರೈಲಿನಲ್ಲಿ ಬಂದ ಡಬ್ಬಗಳು ಮಾತ್ರ ಅಲ್ಲಿನ ತಾತ್ಕಾಲಿಕ ಗೋದಾಮಿನಲ್ಲೇ ಉಳಿದವು. ಮನೆ ಮುಂದೆ, ಹೊಲದ ಬದುವಿನಲ್ಲಿ ಹಳದಿ ಬಣ್ಣದ ಮರದ ಗುಣಿಸು ಗುರುತು ಕಂಡರೆ ಅದು ಈ ಜಗಳದ್ದು. ಮೊದಲು ನೋಡಿದಾಗ ಹುಡುಗಿ ರೈಲ್ವೆ ಗೇಟಿನ ಬೋರ್ಡು ಅಂದುಕೊಂಡಿದ್ದಳು.

ಇನ್ನು ಆಡಳಿತ. ಅಕ್ಕನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಜಿಲ್ಲೆಗೆ ಲಾಂಡ್‌ಕ್ರೈಸ್ ಅನ್ನುತ್ತಾರೆ. ಅದರ ಮುಖ್ಯಸ್ಥನಿಗೆ ಲಾಂಡ್ರಾಟ್. ಇವರನ್ನು ಯಾರೂ ವರ್ಗ ಮಾಡಿ ಕಳಿಸುವುದಿಲ್ಲ, ಜಿಲ್ಲೆಯ ಜನ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ಪಕ್ಕದಲ್ಲಿ ಕ್ರೈಸ್ಟಾಗ್ ಅಂತ ಸಭೆ, ಐದು ವರ್ಷಕ್ಕೊಮ್ಮೆ ಚುನಾವಣೆ, ಒಬ್ಬೊಬ್ಬರಿಗೆ ಮೂರು ಓಟು, ಮೂರನ್ನೂ ಒಬ್ಬರಿಗೇ ಹಾಕಬಹುದು, ಹಂಚಲೂಬಹುದು. 16 ವರ್ಷ ತುಂಬಿದವರು ಓಟು ಹಾಕುತ್ತಾರೆ. ಅಂದರೆ ನಮ್ಮ ಡಿಸಿ ಕಚೇರಿಯ ಒಂದಷ್ಟು ಕೆಲಸ ಮತ್ತು ಜಿಲ್ಲಾ ಪಂಚಾಯಿತಿ ಎರಡನ್ನೂ ಒಂದೇ ಪಾತ್ರೆಗೆ ಹಾಕಿದ ಹಾಗೆ, ಕೀಲಿಕೈ ಮಾತ್ರ ಓಟು ಹಾಕಿದವರ ಹತ್ತಿರ. ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆ 2016ರಲ್ಲಿ ಆಯಿತು, 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಎಳೆದಾಡಿತು. ಅದನ್ನು ಬಾಡಿಗೆ ಮನೆಯ ಅಜ್ಜಿಗೆ ಹೇಳಬೇಡ ಅಂತ ಹುಡುಗಿಗೆ ಹೇಳಿದ್ದೇನೆ.

ಇಲ್ಲೊಂದು ಸ್ವಾರಸ್ಯ. 1945ರ ನಂತರ ಈ ಭಾಗ ಬ್ರಿಟಿಷರ ವಶದಲ್ಲಿತ್ತು. ಒಬ್ಬನ ಕೈಯಲ್ಲಿ ಜಾಸ್ತಿ ಅಧಿಕಾರ ಇರಬಾರದು ಅಂತ ಅವರು ಆ ಹುದ್ದೆಯನ್ನು ಎರಡು ಮಾಡಿದರು. ಲಾಂಡ್ರಾಟ್ ಅಂದರೆ ಸಭೆ ಆರಿಸಿದ ಗೌರವದ ಅಧ್ಯಕ್ಷ, ಕಚೇರಿ ನಡೆಸುವುದು ಬೇರೊಬ್ಬ ಅಧಿಕಾರಿ. ಮೈಸೂರು ಸೀಮೆಯಲ್ಲಿ 1831ರಿಂದ 1881ರವರೆಗೆ ಕಮಿಷನರ್ ಆಡಳಿತ ನಡೆಸಿ ನಮಗೆ ಡೆಪ್ಯುಟಿ ಕಮಿಷನರ್ ಎಂಬ ಕುರ್ಚಿ ಬಿಟ್ಟುಹೋದವರೂ ಅದೇ ಬ್ರಿಟಿಷರು! ನೀಡರ್‌ಸಾಕ್ಸನ್ 1996ರಲ್ಲಿ ಕಾನೂನು ಬದಲಿಸಿ ಎರಡು ತಲೆಯನ್ನು ಮತ್ತೆ ಒಂದು ಮಾಡಿತು, ಆದರೆ ಜನರ ಓಟಿನಿಂದ.

ಲಾಂಡ್‌ಕ್ರೈಸ್ ಕೆಳಗೆ ಗೆಮೈಂಡೆ, ನಮ್ಮ ಗ್ರಾಮ ಪಂಚಾಯಿತಿ ಅನ್ನಿ. ಇಲ್ಲಿ 27 ಇವೆ. ಒಂದೊಂದೂ ಚಿಕ್ಕದಾದ್ದರಿಂದ ಕೆಲವು ಸೇರಿ ಒಂದೇ ಕಚೇರಿ ಇಟ್ಟುಕೊಂಡಿವೆ, ಅದಕ್ಕೆ ಸಾಮ್ಟ್‌ಗೆಮೈಂಡೆ ಅನ್ನುತ್ತಾರೆ. 2006ರವರೆಗೆ ಐದಿತ್ತು, ಈಗ ಮೂರು: ಎಲ್ಪ್‌ಟಾಲ್‌ಆವೆ, ಗಾರ್ಟೋ, ಲ್ಯೂಖೋ. ನಾಡಕಚೇರಿ ಇರುವ ಹೋಬಳಿ ಅಂತ ತಲೆಯಲ್ಲಿಟ್ಟುಕೊಳ್ಳಿ, ಪೂರ್ತಿ ಸರಿಯಲ್ಲ, ಆದರೆ ನೆನಪಿರುತ್ತದೆ.

ನಾನು ತಪ್ಪಿದ್ದು ಇಲ್ಲೇ. ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ದೊಡ್ಡ ಕೆಲಸ, ದೊಡ್ಡ ಕಚೇರಿಯಲ್ಲೇ ಇರಬೇಕು ಅಂತ "ಜಿಲ್ಲಾ ಕಚೇರಿಗೆ ಹೋಗು ಪುಟ್ಟಿ" ಅಂದೆ. ರಜೆ ಹಾಕಿ, ಬಸ್ಸಿಗೆ ಕಾದು, ಹೋದಳು. ಅಲ್ಲಿ ಇದು ನಿಮ್ಮ ಸಾಮ್ಟ್‌ಗೆಮೈಂಡೆ ಕೆಲಸ ಅಂದರು. ಅದು ಇದ್ದಿದ್ದು ಅವಳ ಊರಲ್ಲೇ. ಹಾಗಾಗಿ ಬರೆದಿಟ್ಟುಕೊಳ್ಳಿ: ವಿಳಾಸ, ಪಾಸ್‌ಪೋರ್ಟ್ ತರದ ದಿನದಿನದ ಕೆಲಸ ಕೆಳಗಿನ ಕಚೇರಿ. ವಿಳಾಸಕ್ಕೆ ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು, ಬಾಡಿಗೆ ಕರಾರು ಪತ್ರ ಮಾತ್ರ ಸಾಲದು. ವೀಸಾ ಮುಗಿಯುವಾಗ ವಾಸದ ಪರವಾನಗಿ, ಕಾರಿನ ನೋಂದಣಿ, ಡ್ರೈವಿಂಗ್ ಲೈಸೆನ್ಸ್, ಮನೆ ಕಟ್ಟಲು ಅನುಮತಿ, ಆರೋಗ್ಯ ಇಲಾಖೆ, ಕಸ, ಇವೆಲ್ಲ ಜಿಲ್ಲೆ. ಶಾಲೆಯಲ್ಲಿ ಮೇಷ್ಟ್ರಿಗೆ ಸಂಬಳ ರಾಜ್ಯದ್ದು, ಮಕ್ಕಳ ಬಸ್ಸು ಜಿಲ್ಲೆಯದು. ಪೊಲೀಸರು ರಾಜ್ಯಕ್ಕೆ ಸೇರಿದವರು, ಲಾಂಡ್ರಾಟ್ ಮಾತು ಅಲ್ಲಿ ನಡೆಯುವುದಿಲ್ಲ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಾರ್ಡ್‌ರೈನ್-ವೆಸ್ಟ್‌ಫಾಲೆನ್‌ನಲ್ಲಿ ಹಳ್ಳಿ ಜಿಲ್ಲೆಯ ಪೊಲೀಸರಿಗೆ ಲಾಂಡ್ರಾಟೇ ಮುಖ್ಯಸ್ಥ. ಜಮೀನಿನ ಮಾಲೀಕತ್ವದ ಪುಸ್ತಕ ಇರುವುದು ಕೋರ್ಟಿನಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿ ಹುಡುಕಬೇಡಿ.

ಪ್ರವಾಹ ಬಂದರೆ? ಅಕ್ಕ ಮೊದಲು ಕೇಳಿದ್ದೇ ಇದು, ಗೊರೂರು ಡ್ಯಾಮಿನ ಗೇಟು ಎತ್ತಿದ ಸುದ್ದಿ ಕೇಳುತ್ತಾ ಬೆಳೆದವಳು. ಅನಾಹುತ ನಿಭಾಯಿಸುವ ಹೊಣೆ ಜಿಲ್ಲೆಯದು. ಹಿಟ್ಸಾಕರ್‌ನ ಹಳೇ ಪೇಟೆಗೆ 2002 ಮತ್ತು 2006ರಲ್ಲಿ ಎಲ್ಬೆ ನುಗ್ಗಿತ್ತು. ಆಮೇಲೆ ಗೋಡೆ ಕಟ್ಟಿದರು, 2013ರಲ್ಲಿ ನೀರು ಇನ್ನೂ ಜಾಸ್ತಿ ಬಂದರೂ ಅದು ತಡೆಯಿತು.

ದುಡ್ಡು ಎಲ್ಲಿಂದ ಅಂತಲೂ ನೋಡಿ. ಜಿಲ್ಲೆಗೆ ಸ್ವಂತ ತೆರಿಗೆ ತೀರಾ ಕಡಿಮೆ. ರಾಜ್ಯ ಸ್ವಲ್ಪ ಕೊಡುತ್ತದೆ, ಉಳಿದಂತೆ ಕೆಳಗಿನ ಪಂಚಾಯಿತಿಗಳೇ ತಮ್ಮ ಆದಾಯದ ಒಂದು ಪಾಲನ್ನು ಮೇಲಕ್ಕೆ ಕೊಡುತ್ತವೆ, ಕ್ರೈಸ್‌ಉಮ್‌ಲಾಗೆ ಅಂತ. ಹಳ್ಳಿ ದುಡ್ಡು ಕೊಟ್ಟು ಜಿಲ್ಲೆ ನಡೆಸುವುದು! ಅದಕ್ಕೇ ಆ ಪಾಲು ಎಷ್ಟಿರಬೇಕು ಅಂತ ಜಗ್ಗಾಟ ತಪ್ಪಿದ್ದಲ್ಲ. ಊರಿನ ಪೇಪರ್ ಓದುವಾಗ ಈ ಒಂದು ಪದ ಹುಡುಕಿದರೆ ಆ ವರ್ಷದ ಗಲಾಟೆ ಏನು ಅಂತ ಸಿಕ್ಕಿಬಿಡುತ್ತದೆ.

ಕೊನೆಗೆ ಲೈಸೆನ್ಸ್ ವಿಷಯ, ಯಾಕೆಂದರೆ ಬಸ್ಸು ಕಡಿಮೆ ಇರುವ ಇಂಥ ಜಿಲ್ಲೆಯಲ್ಲಿ ಕಾರಿಲ್ಲದೆ ಕಷ್ಟ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಓದಿನ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಬರೆಯಬೇಕು, ಅರ್ಜಿ ಕೊಡುವುದು ಜಿಲ್ಲಾ ಕಚೇರಿಗೆ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಶುರು ಮಾಡಿ. ನಮ್ಮವಳು ಐದನೇ ತಿಂಗಳಲ್ಲಿ ಎಚ್ಚೆತ್ತಳು, ಈಗ ಡ್ರೈವಿಂಗ್ ಸ್ಕೂಲಿಗೆ ಕಟ್ಟಿದ ಫೀಸನ್ನು ರೂಪಾಯಿಗೆ ಬದಲಿಸಿ ಅಕ್ಕನಿಗೆ ಹೇಳುವ ಧೈರ್ಯ ನನಗಿಲ್ಲ.